ಜಪಾನಿನ ಪೇಟೆಯೂ ನಮ್ಮ ಸರಕೂ

ನಾಗಪುರದ ಕಿತ್ತಳೆಗೆ ಜಪಾನಿನಲ್ಲಿ ಏಕೆ ಬೆಲೆ ದೊರೆಯಬಾರದು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ಸಿವಿಲ್ ಲೈನ್ಸಿನ ಕಛೇರಿಗಳಲ್ಲಿಯೂ ವ್ಯಾಪಾರಸ್ಥರ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಕಾಟೋಲ, ವರೂಡ, ಮೋರ್ಶಿ ಕಡೆಯ ತೋಟಗಳ ಹಣ್ಣಿಗೆ ಬಹುಕಾಲ ದೊಡ್ಡ ಗಿರಾಕಿಯಾಗಿದ್ದುದು ಬಾಂಗ್ಲಾದೇಶ. ಆ ದೇಶವು 2019ರಿಂದ ಆಮದು ಸುಂಕವನ್ನು ಏರಿಸುತ್ತ ಹೋದಂತೆ ಇಲ್ಲಿಯ ಬೆಳೆಗಾರನ ಪಾಡು ಕಷ್ಟಕ್ಕೆ ಬಂದಿತು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯ ಗತಿ ಇದೇ ತಾನೆ! ಆಗ ದೃಷ್ಟಿಯು ದೂರದ ಶ್ರೀಮಂತ ದೇಶಗಳತ್ತ ಹೊರಳುವುದು ಸಹಜ. ಆದರೆ ಜಪಾನಿನ ಹೆಸರು ಬಂದೊಡನೆ ನಮ್ಮವರು ಎತ್ತುವ ಮೊದಲ ಆಕ್ಷೇಪಣೆ, "ಅವರ ಸಂಸ್ಕೃತಿಯೇ ಬೇರೆ, ರೀತಿನೀತಿಯೇ ಬೇರೆ, ಅಲ್ಲಿ ನಮ್ಮ ಬೇಳೆ ಬೇಯದು" ಎಂಬುದು. ಈ ಆಕ್ಷೇಪಣೆಯಲ್ಲಿ ಹುರುಳು ಕಡಿಮೆಯೆಂದು ನನ್ನ ಅಭಿಪ್ರಾಯ.

ಜಪಾನೀಯರೊಡನೆ ವ್ಯವಹರಿಸುವ ಬಗೆಯನ್ನು ಬೋಧಿಸುವ ಪುಸ್ತಕಗಳು ಬೇಕಾದಷ್ಟಿವೆ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಗಳಿಂದ ಕೊಡಬೇಕು. 'ಹಾಯ್' ಎಂದರೆ ಒಪ್ಪಿದೆನೆಂದು ತಿಳಿಯಬಾರದು, ಕೇಳಿಸಿಕೊಂಡೆನೆಂದಷ್ಟೇ ತಿಳಿಯಬೇಕು. 'ಪರಿಶೀಲಿಸುತ್ತೇವೆ' ಎಂಬ ಉತ್ತರ ಬಂದರೆ ಅದು ಬಹುಮಟ್ಟಿಗೆ ಸಭ್ಯವಾದ ನಿರಾಕರಣೆ. ಇವೆಲ್ಲ ನಿಜವೇ. ಆದರೆ ಇದರಲ್ಲಿ ಕನ್ನಡಿಗನಿಗೆ ಅರ್ಥವಾಗದ್ದೇನಿದೆ? ಕನ್ಯೆಯನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಊರಿಗೆ ಹೋಗಿ ಪತ್ರ ಬರೆಯುತ್ತೇವೆ" ಎಂದು ಎದ್ದರೆ ಆ ಪತ್ರದ ಹಾದಿ ಕಾಯುವ ತಂದೆ ನಮ್ಮಲ್ಲಿ ಯಾರೂ ಇಲ್ಲ. ಜಪಾನೀಯರ ಇನ್ನೊಂದು ಪದ 'ನೆಮವಾಶಿ'. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಅದರ ಬೇರಿನ ಸುತ್ತ ಬಿಡಿಸಿ ಅಣಿಗೊಳಿಸುವುದಕ್ಕೆ ಆ ಹೆಸರು. ಸಭೆ ಸೇರುವ ಮೊದಲೇ ಸಂಬಂಧಪಟ್ಟವರೊಡನೆ ಒಬ್ಬೊಬ್ಬರಾಗಿ ಮಾತನಾಡಿ ಒಪ್ಪಿಗೆ ಪಡೆಯುವುದಕ್ಕೂ ಅದನ್ನೇ ಬಳಸುತ್ತಾರೆ. ತೋಟಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಂಘದ ಚುನಾವಣೆಗಳೂ ಹಾಗೆಯೇ ನಡೆಯುತ್ತವೆಂದು ಯಾರಾದರೂ ಅಂದರೆ ನಾನು ಅಲ್ಲಗಳೆಯಲಾರೆ!

ನಿಜವಾದ ತೊಡಕು ಬೇರೆ ಕಡೆ ಇದೆ. ಅದನ್ನು ತೋರಿಸಲು ಈ ಊರಿಗೆ ಸಂಬಂಧಿಸಿದ ಹಳೆಯ ಪ್ರಕರಣವೊಂದೇ ಸಾಕು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಮಿಲ್ಲನ್ನು ಆರಂಭಿಸಿದ ಜಮಶೇಟಜಿ ಟಾಟಾ ಅವರು 1893ರಲ್ಲಿ ಜಪಾನಿಗೆ ಹೋದರು. ಮುಂಬಯಿಯಿಂದ ಪೂರ್ವ ದೇಶಗಳಿಗೆ ಹೋಗುವ ಹತ್ತಿ ಮತ್ತು ನೂಲಿನ ಸಾಗಣೆಯು ಆಗ ಪಿ. ಆ್ಯಂಡ್ ಓ. ಮೊದಲಾದ ಹಡಗು ಕಂಪನಿಗಳ ಹಿಡಿತದಲ್ಲಿತ್ತು, ಬಾಡಿಗೆಯೋ ದುಬಾರಿ. ಟಾಟಾ ಅವರು ನಿಪ್ಪನ್ ಯೂಸೆನ್ ಕೈಶಾ ಎಂಬ ಜಪಾನೀ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತಾವೂ ಹಡಗುಗಳನ್ನು ಗೊತ್ತುಮಾಡಿದರು. ಮುಂಬಯಿ–ಕೋಬೆ ಮಾರ್ಗವು ಅದೇ ವರ್ಷ ತೆರೆಯಿತು. ಪ್ರತಿಸ್ಪರ್ಧಿಗಳು ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿದರು. ಆಗ ಬೆಂಬಲದ ಮಾತು ಕೊಟ್ಟಿದ್ದ ನಮ್ಮ ವ್ಯಾಪಾರಸ್ಥರೇ ಅಗ್ಗದ ಹಡಗಿಗೆ ಸರಕೇರಿಸಿದರು. ಟಾಟಾ ಹಡಗುಗಳ ಮಾರ್ಗ ಬಹುಬೇಗ ಮುಚ್ಚಿಹೋಯಿತು. ಅತ್ತ ಜಪಾನಿನ ನೂಲಿನ ಗಿರಣಿಗಳ ಸಂಘವು, ತಾವು ಕೊಳ್ಳುವ ಹತ್ತಿಯನ್ನು ತಮ್ಮವರ ಹಡಗಿನಲ್ಲಿಯೇ ತರಿಸುವೆವೆಂದು ಒಪ್ಪಿದ್ದಿತು. ಆ ಮಾತಿಗೆ ಅಂಟಿಕೊಂಡಿತು. ಅವರ ಮಾರ್ಗ ಉಳಿಯಿತು. ಇದನ್ನು ಸಂಸ್ಕೃತಿಯೆಂದು ಕರೆಯುವವರು ಕರೆಯಲಿ. ವಾಣಿಜ್ಯಶಾಸ್ತ್ರ ಓದಿದ ನಾನು ಇದನ್ನು ಲೆಕ್ಕಾಚಾರವೆನ್ನುತ್ತೇನೆ. ಈ ವರ್ಷದ ಬಾಡಿಗೆಯಲ್ಲಿ ಉಳಿದ ಹಣವನ್ನು ನಮ್ಮವರು ಎಣಿಸಿದರು; ಹತ್ತು ವರ್ಷದ ಬಾಡಿಗೆಯನ್ನು ಅವರು ಎಣಿಸಿದರು.

ನನ್ನ ವೃತ್ತಿಗೆ ಸೇರಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ರಫ್ತು ವ್ಯಾಪಾರಿಯು ಬಹುವಾಗಿ ನೆಚ್ಚುವುದು ಲೆಟರ್ ಆಫ್ ಕ್ರೆಡಿಟ್ಟನ್ನು. 2007ರ ಜುಲೈನಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಬ್ಯಾಂಕುಗಳು ವ್ಯವಹರಿಸುವುದು ಕಾಗದಪತ್ರಗಳೊಡನೆ, ಸರಕಿನೊಡನೆ ಅಲ್ಲ. ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ತಪಾಸಣೆಯ ಪ್ರಮಾಣಪತ್ರ ಇವು ಷರತ್ತಿಗೆ ಅನುಗುಣವಾಗಿದ್ದರೆ ಹಣ ಬರುತ್ತದೆ. ಪೆಟ್ಟಿಗೆಯೊಳಗೆ ಮೇಲಿನ ಸಾಲಿನಲ್ಲಿ ದಪ್ಪ ಹಣ್ಣು, ಕೆಳಗಿನ ಸಾಲಿನಲ್ಲಿ ಸಣ್ಣ ಹಣ್ಣು ಇದ್ದರೆ ಅದು ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಮೊದಲನೆಯ ಬಿಲ್ಲು ಪಾವತಿಯಾದೊಡನೆ ಪೇಟೆಯನ್ನು ಗೆದ್ದೆವೆಂಬ ಭ್ರಮೆ ಹುಟ್ಟುತ್ತದೆ. ಎರಡನೆಯ ಆರ್ಡರು ಮಾತ್ರ ಬರುವುದಿಲ್ಲ. ಏಕೆ ಬರಲಿಲ್ಲವೆಂಬುದನ್ನು ಜಪಾನೀ ಗಿರಾಕಿ ಜಗಳವಾಡಿ ತಿಳಿಸುವುದೂ ಅಪರೂಪ. "ಪರಿಶೀಲಿಸುತ್ತೇವೆ" ಎಂದು ಬರೆದು ಸುಮ್ಮನಾಗುತ್ತಾನೆ.

ಹಣ್ಣಿನ ವಿಷಯದಲ್ಲಂತೂ ಅವರ ಕಟ್ಟುನಿಟ್ಟು ಪ್ರಸಿದ್ಧವಾದುದು. ಹಣ್ಣಿನ ನೊಣದ ಭಯದಿಂದ ಸುಮಾರು 20 ವರ್ಷ ನಮ್ಮ ಮಾವಿಗೆ ಬಾಗಿಲು ಮುಚ್ಚಿದ್ದ ಜಪಾನು, 2006ರ ಜೂನಿನಲ್ಲಿ ಆಪೂಸು, ಕೇಸರ, ಮಲ್ಲಿಕಾ ಮುಂತಾದ ಕೆಲವೇ ತಳಿಗಳಿಗೆ ಅದನ್ನು ತೆರೆಯಿತು. ಹಣ್ಣಿಗೆ ಬಿಸಿಯಾವಿಯ ಸಂಸ್ಕಾರ ಕೊಟ್ಟು ಅದರ ಒಳಭಾಗವೂ 47.5 ಡಿಗ್ರಿ ಶಾಖದಲ್ಲಿ 20 ನಿಮಿಷ ಇರುವಂತೆ ಮಾಡಬೇಕು. ಅದನ್ನು ಪರೀಕ್ಷಿಸಲು ಅವರ ಅಧಿಕಾರಿಯೇ ಇಲ್ಲಿಗೆ ಬರಬೇಕೆಂಬ ಷರತ್ತು ಬೇರೆ. ಅದೇ ವರ್ಷದ ಮೇ ತಿಂಗಳಿನಿಂದ ಕೀಟನಾಶಕಗಳ ಬಗ್ಗೆಯೂ ಹೊಸ ಕಟ್ಟಳೆ ಬಂದಿತು. ಪ್ರತ್ಯೇಕ ಮಿತಿ ಗೊತ್ತುಮಾಡಿಲ್ಲದ ಯಾವ ಔಷಧಿಯೇ ಆಗಲಿ, ಅದರ ಶೇಷವು ಹತ್ತು ಕೋಟಿಯಲ್ಲಿ ಒಂದು ಪಾಲನ್ನು ಮೀರಕೂಡದು. ಅಂದರೆ ನೂರು ಟನ್ನು ಹಣ್ಣಿಗೆ ಒಂದು ಗ್ರಾಂ! ಇದು ವ್ಯಾಪಾರಕ್ಕೆ ಅಡ್ಡಗೋಡೆಯೆಂದು ನಮ್ಮವರು ದೂರುತ್ತಾರೆ. ಆರೋಗ್ಯದ ಲೇಖನಗಳನ್ನು ಓದಲೆಂದೇ ಈ ಸಂಚಿಕೆಯನ್ನು ಕೈಗೆತ್ತಿಕೊಂಡ ವಾಚಕರನ್ನು ನಾನು ಕೇಳುವುದು ಇಷ್ಟೆ: ಟೋಕಿಯೋದ ಮಗುವಿಗೆ ಬೇಡವಾದ ವಿಷದ ಶೇಷ ನಾಗಪುರದ ಮಗುವಿಗೆ ಹೇಗೆ ಹಿತವಾದೀತು?

ಜಪಾನೀಯರನ್ನು ದೇವರಂತೆ ಹೊಗಳುವುದು ನನ್ನ ಉದ್ದೇಶವಲ್ಲ. ನಮ್ಮ ನಾಡಿಗೆ ಬಂದಾಗ ಅವರೂ ಎಡವಿದ್ದಾರೆ. ಟೊಯೋಟಾ ಬಳಗವು 1995ರಲ್ಲಿ ಕಿರ್ಲೋಸ್ಕರ ಸಂಸ್ಥೆಯೊಡನೆ ಕೂಡಿ ಜಿಗಣಿಯಲ್ಲಿ ಜವಳಿ ಯಂತ್ರಗಳ ಕಾರ್ಖಾನೆ ಹಾಕಿತು. ಬಿಡದಿಯ ಮೋಟಾರು ಕಂಪನಿ ಸ್ಥಾಪನೆಯಾದುದು ಅದಾದ ಮೇಲೆ, 1997ರಲ್ಲಿ. ಇಷ್ಟು ನಿಧಾನವಾಗಿ ಹೆಜ್ಜೆಯಿಟ್ಟ ಸಂಸ್ಥೆಯಲ್ಲಿಯೂ 2006ರಲ್ಲೊಮ್ಮೆ, 2020ರಲ್ಲೊಮ್ಮೆ ಬೀಗಮುದ್ರೆಯಾಯಿತು. ಕೆಲಸದ ಒತ್ತಡ ಮಿತಿಮೀರಿತೆಂಬುದು 2020ರಲ್ಲಿ ಕಾರ್ಮಿಕರ ದೂರು. ಆದರೂ ಅವರು ಗಂಟುಮೂಟೆ ಕಟ್ಟಲಿಲ್ಲ. ಹಳ್ಳಿಯ ಬಡ ಹುಡುಗರಿಗೆ ತರಬೇತು ಕೊಡುವ ಶಾಲೆಯನ್ನು 2007ರಲ್ಲಿ ಅಲ್ಲಿಯೇ ತೆರೆದರು. ಮೈಸೂರಿನಲ್ಲಿ ದ್ವಿತಳಿ ರೇಷ್ಮೆಯ ಕೆಲಸವನ್ನು 1991ರಿಂದ 2007ರವರೆಗೆ, 16 ವರ್ಷ, ನಮ್ಮ ವಿಜ್ಞಾನಿಗಳೊಡನೆ ಕುಳಿತು ಮಾಡಿದವರೂ ಜಪಾನೀ ತಜ್ಞರೇ. ನಮ್ಮ ಯಾವ ರಫ್ತುದಾರ ಒಂದು ಪೇಟೆಗಾಗಿ 16 ವರ್ಷ ಕಾದಿದ್ದಾನೆ?

ಇನ್ನು ಕಿತ್ತಳೆ. ಜಪಾನೀಯರ ಮನೆಮನೆಯ ಹಣ್ಣಾದ 'ಮಿಕಾನ್' ಬೀಜವಿಲ್ಲದ್ದು, ಗಾತ್ರದ ಪ್ರಕಾರ ವಿಂಗಡಿಸಿ ಮಾರುವಂಥದ್ದು. ನಮ್ಮದರ ರುಚಿಗೆ ಎಣೆಯಿಲ್ಲವಾದರೂ ಅದರಲ್ಲಿ ಬೀಜವುಂಟು. ಬಹುಪಾಲು ಹಣ್ಣು ಕಳಮನಾ ಮಾರುಕಟ್ಟೆಗೆ ರಾಶಿಯಾಗಿಯೇ ಬಂದು ಬೀಳುತ್ತದೆ. ಆದ್ದರಿಂದ ತಾಜಾ ಹಣ್ಣಿನ ಆಸೆಯನ್ನು ಸದ್ಯಕ್ಕೆ ಬದಿಗಿರಿಸಿ, ರಸ ಮತ್ತು ಸಿಪ್ಪೆಯ ಎಣ್ಣೆಯಿಂದ ಆರಂಭಿಸುವುದು ಲೇಸೆಂದು ನನಗೆ ತೋರುತ್ತದೆ. ಇದಕ್ಕೆ ಒಬ್ಬ ದಲಾಲಿಯ ಸಾಹಸ ಸಾಲದು. ಒಂದು ತಾಲ್ಲೂಕಿನ ಬೆಳೆಗಾರರಾದರೂ ಕಂಪನಿ ಕಟ್ಟಿಕೊಂಡು, ಯಾವ ತೋಟಕ್ಕೆ ಯಾವ ದಿನ ಏನು ಸಿಂಪಡಿಸಿದರೆಂಬ ದಾಖಲೆಯಿಟ್ಟು, ಪೇಟೆಯಲ್ಲಿ ಬೆಲೆ ಏರಿದ ವರ್ಷವೂ ಕರಾರಿನ ಹಣ್ಣನ್ನು ಹೊರಗೆ ಮಾರದಿರುವ ಕಟ್ಟುಪಾಡು ಮಾಡಿಕೊಳ್ಳಬೇಕು. ನಮ್ಮ ಬ್ಯಾಂಕುಗಳೂ ಗಿಡ ನೆಡಲು, ಕೊಳವೆಬಾವಿ ತೋಡಲು ಸಾಲ ಕೊಡುವಷ್ಟೇ ಉತ್ಸಾಹದಿಂದ ವಿಂಗಡಣೆಯ ಯಂತ್ರಕ್ಕೂ ಶೇಷ ಪರೀಕ್ಷೆಯ ವೆಚ್ಚಕ್ಕೂ ಸಾಲ ಕೊಡಬೇಕು. ಮರುಪಾವತಿಯ ಅವಧಿಯನ್ನು ಮೂರು ವರ್ಷಕ್ಕೆ ಗೊತ್ತುಮಾಡಿದರೆ ಪ್ರಯೋಜನವಿಲ್ಲ; ಕನಿಷ್ಠ ಎಂಟು ವರ್ಷ ಬೇಕು, ಮೊದಲ ಎರಡು ವರ್ಷ ಬಡ್ಡಿಯನ್ನಷ್ಟೇ ವಸೂಲು ಮಾಡಬೇಕು.