ದನಿ ಬೇರೆ, ಗದ್ದಲ ಬೇರೆ



ಇದು ಹಳೇ ಸ್ಪೀಕರ್ ಡಬ್ಬಿ ರಿಪೇರಿಯ ಮಾತು. "ಹೋರಾಟ ಬಿಟ್ಟು ಇದೇನು ಹಚ್ಚಿದಿ" ಅಂತ ಬೈಯುವ ಮೊದಲು ಪೂರ್ತಿ ಓದಿ.

ನಮ್ಮಪ್ಪ ಹಲಗಿ ಬಾರಿಸುತ್ತಿದ್ದ. ಎಂಬತ್ತರ ದಶಕದಲ್ಲಿ ಒಂದು ದಿನ "ಇನ್ನ ಮಂದಿ ಮೆರವಣಿಗಿ ಮುಂದ ಬಾರಿಸಂಗಿಲ್ಲ" ಅಂತ ಹಲಗಿ ಕೆಳಗಿಟ್ಟ. ಅದೇ ವರ್ಷ ಮಿರಜಿನಿಂದ ಒಂದು ಜೋಡಿ ಸೆಕೆಂಡ್ ಹ್ಯಾಂಡ್ ಸ್ಪೀಕರ್ ತಂದ. ಕಟ್ಟಿಗೆ ಪೆಟ್ಟಿಗೆ, ಎಂಟು ಇಂಚಿನ ವೂಫರ್, ಮೇಲೆ ಸಣ್ಣ ಟ್ವೀಟರ್. ವಾಮನದಾದಾ ಕರ್ಡಕ, ಪ್ರಹ್ಲಾದ ಶಿಂದೆ ಅವರ ಕ್ಯಾಸೆಟ್ಟು ಕೇಳಿ ಬೆಳೆದದ್ದು ಅದರಲ್ಲೇ. ಸಿದ್ಧಲಿಂಗಯ್ಯನವರ ಹಾಡು ಆಮೇಲೆ ಬಂದವು. ಉಗಾರ ಬುದ್ರುಕ ಗಡಿ ಊರು. ಬಾಬಾಸಾಹೇಬರು ನಮ್ಮ ಓಣಿಗೆ ಎರಡೂ ಭಾಷೆಯಲ್ಲಿ ಬಂದರು. ಓದು ಬಾರದ ನಮ್ಮವ್ವನಿಗೆ ಮಹಾಡದ ಕೆರೆ ಗೊತ್ತಾದದ್ದು ಪುಸ್ತಕದಿಂದಲ್ಲ, ಆ ಡಬ್ಬಿಯಿಂದ.

ಕಳೆದ ಜಯಂತಿಗೆ ಓಣಿಯ ಹುಡುಗರು ಪಟ್ಟಿ ಎತ್ತಿ ಡಿಜೆ ತಂದರು. ಅವ್ವ ಎದೆ ಹಿಡಿದುಕೊಂಡು ಒಳಗೆ ಬಂದಳು. "ತಮ್ಮಾ, ಎದಿ ಬಡಕೊಂತು ಅಷ್ಟ. ಹಾಡು ಯಾವುದಂತ ತಿಳೀಲಿಲ್ಲ" ಅಂದಳು.

ಆ ಮಾತು ನನಗೆ ತಟ್ಟಿತು. ಮರುದಿನ ಅಟ್ಟದ ಮೇಲಿಂದ ಡಬ್ಬಿ ಇಳಿಸಿದೆ. 2019ರ ಕೃಷ್ಣಾ ಪ್ರವಾಹದಲ್ಲಿ ಮೇಲಿದ್ದವು ಅಂತ ಉಳಿದಿದ್ದವು. ವೂಫರಿನ ಸುತ್ತಲಿನ ಫೋಮ್ ಅಂಚು ಬೆರಳು ತಾಗಿದರೆ ಹಿಟ್ಟಾಗಿ ಉದುರಿತು. ಫೋಮಿನ ಆಯುಷ್ಯವೇ ಅಷ್ಟು. ಆದರೆ ಕೋನ್, ಕಾಯಿಲ್ ಗಟ್ಟಿ ಇದ್ದವು. ಆಫೀಸು ಬಿಟ್ಟ ಮೇಲೆ ಸಂಜೆ ಕೂತು ಹಳೇ ಅಂಚು ಕೆರೆದು, ಅದೇ ಅಳತೆಯ ರಬ್ಬರ್ ಅಂಚು ಅಂಟಿಸಿದೆ. ಕಾಯಿಲ್ ನಟ್ಟನಡುವೆ ನಿಲ್ಲಬೇಕು, ಇಲ್ಲಾಂದ್ರೆ ಮ್ಯಾಗ್ನೆಟ್‌ಗೆ ಉಜ್ಜಿ ಕರಕರ ಅನ್ನುತ್ತೆ. ಅದಕ್ಕೆ ಮಧ್ಯದ ಟೋಪಿ ಬಿಚ್ಚಿ, ಹಳೇ ಎಕ್ಸರೇ ಹಾಳೆಯ ಪಟ್ಟಿ ಕತ್ತರಿಸಿ ಸುತ್ತಲೂ ಸಿಗಿಸಿ, ಅಂಟು ಒಣಗಿದ ಮೇಲೆ ತೆಗೆದೆ.

ಟ್ವೀಟರಿನ ದನಿ ಮಂಕಾಗಿತ್ತು. ಅದರ ದಾರಿಯಲ್ಲಿದ್ದ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಳಗೇ ಒಣಗಿತ್ತು. ಅದೇ ಬೆಲೆಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದೆ. ಒಂದು ತಪ್ಪೂ ಮಾಡಿದೆ: ಒಂದು ಡಬ್ಬಿಯ ಎರಡು ವೈರು ಅದಲುಬದಲು. ಒಂದು ಕೋನ್ ಮುಂದೆ ತಳ್ಳಿದಾಗ ಇನ್ನೊಂದು ಹಿಂದೆ ಎಳೆದು ತಗ್ಗು ಸ್ವರವೇ ಮಾಯ. 1.5 ವೋಲ್ಟಿನ ಸೆಲ್ ತಾಗಿಸಿ ಎರಡೂ ಕೋನ್ ಮುಂದಕ್ಕೆ ಬರುವ ಹಾಗೆ ಜೋಡಿಸಿದಾಗ ಸರಿಯಾಯಿತು. ಎರಡೂ ಡಬ್ಬಿಗೆ ಕೂಡಿ ಸಾವಿರ ರೂಪಾಯಿ ದಾಟಲಿಲ್ಲ.

ಅವ್ವನನ್ನು ಕೂರಿಸಿ ಹಾಡು ಹಚ್ಚಿದೆ. ಒಂದೊಂದೇ ಶಬ್ದಕ್ಕೆ ತಲೆಯಾಡಿಸಿದಳು.

ಈಗ ನನ್ನ ಮಾತು. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನಮ್ಮ ಪಟ್ಟಿ ಹಣ ಹೋಗುತ್ತಿರುವುದು ಆ ಹತ್ತು ಪಟ್ಟಿಗೆ. ಶಬ್ದ ಸ್ಪಷ್ಟವಾಗಲು ಅದು ಬೇಕಿಲ್ಲ. 1920ರಲ್ಲಿ ಬಾಬಾಸಾಹೇಬರು ಪತ್ರಿಕೆ ಶುರು ಮಾಡಿ 'ಮೂಕನಾಯಕ' ಅಂತ ಹೆಸರಿಟ್ಟರು. 1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಅವರು ಬಂದಾಗ ಜನ ಸೇರಿದ್ದು ಮಾತು ಕೇಳಲು. ಮೂಕರಿಗೆ ಮಾತು ಕೊಟ್ಟವರ ಜಯಂತಿಯಲ್ಲಿ ಮಾತೇ ಕೇಳದಿದ್ದರೆ ಹೆಂಗ?

ಹುಡುಗರು ಕೇಳಿದರು, "ಕಾಕಾ, ಅವರ ಹಬ್ಬಕ್ಕ ಇಲ್ಲದ ಕಾನೂನು ನಮಗಷ್ಟ ಯಾಕ?" ಪ್ರಶ್ನೆ ನೂರಕ್ಕೆ ನೂರು ಸರಿ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನುತ್ತೆ. ಅದು ಎಲ್ಲ ಓಣಿಗೂ ಒಂದೇ. ನಮ್ಮ ಜಯಂತಿಗೆ ಮಾತ್ರ ಲಾಠಿ ಹಿಡಿದು ಬಂದರೆ ನಾನೂ ಎದುರು ನಿಲ್ಲುತ್ತೇನೆ. ಆದರೆ ಅವರ ಗದ್ದಲಕ್ಕೆ ನಮ್ಮ ಗದ್ದಲ ಉತ್ತರವಲ್ಲ.

ಈ ಡಬ್ಬಿ ಮೈದಾನಕ್ಕಲ್ಲ, ಅಲ್ಲಿ ಜೋರು ಮಾಡಿದರೆ ಕಾಯಿಲ್ ಸುಡುತ್ತದೆ. ಇದು ಸಮುದಾಯ ಭವನದ ಒಂದು ಕೋಣೆಗೆ. ಏಪ್ರಿಲ್ 13ರ ಸಂಜೆ ಹಿರಿಯರು, ಮಕ್ಕಳು ಕೂತು ಹಾಡು ಕೇಳಲಿ, ಅರ್ಥ ಕೇಳಲಿ. ಪಟ್ಟಿಯಲ್ಲಿ ಉಳಿದದ್ದು ವಾಚನಾಲಯಕ್ಕೆ ಹೋಗಲಿ.

ಅಪ್ಪ ಹಲಗಿಯ ತೊಗಲನ್ನು ಬೆಂಕಿಗೆ ಕಾಯಿಸಿ, ಬೆರಳಿಂದ ತಟ್ಟಿ ಬಿಗಿ ನೋಡುತ್ತಿದ್ದ. ಕೋನಿನ ಅಂಚು ಅಂಟಿಸುವಾಗ ನನ್ನ ಬೆರಳೂ ಅದನ್ನೇ ಮಾಡಿತು. ನಮ್ಮ ಕೈಯಲ್ಲಿದ್ದಾಗ ಈ ವಿದ್ಯೆಗೆ ಮೈಲಿಗೆ ಅಂದರು, ಈಗ ಅಕೌಸ್ಟಿಕ್ಸ್ ಅಂತ ಡಿಗ್ರಿ ಕೊಡುತ್ತಾರೆ. ಭಾನುವಾರ ಬರುವ ಹುಡುಗ ಹುಡುಗಿಯರಿಗೆ ನಾನು ಕಲಿಸುತ್ತೇನೆ. ನಿಮ್ಮ ಅಟ್ಟದಲ್ಲೂ ಹಳೇ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ, ಮೊದಲು ಬಿಚ್ಚಿ ನೋಡಿ.

ಜೈ ಭೀಮ್. ಜೈ ಸಂವಿಧಾನ.