ಗಲ್ಲದ ಮೇಲೆ ಮಾಸ್ಕು, ಗಲ್ಲಾ ಮೇಲೆ ಯಜಮಾನ

2025ರ ಮೇ ತಿಂಗಳಲ್ಲಿ ಕೊರೊನಾ ಇನ್ನೊಮ್ಮೆ ಸ್ವಲ್ಪ ತಲೆಯೆತ್ತಿದಾಗ ಪೇಟೆ ಬೀದಿಯ ಅಂಗಡಿಗಳಲ್ಲಿ ಹಳೇ ಜಗಳವೂ ತಲೆಯೆತ್ತಿತು. ಒಬ್ಬ ಕೆಮ್ಮುತ್ತಾನೆ. ಪಕ್ಕದವನು "ಮಾಸ್ಕ್ ಹಾಕ್ಕೊಳ್ಳೋ ಮಾರಾಯ" ಅಂತಾನೆ. "ನೀನೇನು ಡಾಕ್ಟ್ರಾ?" ಅನ್ನೋದು ಉತ್ತರ. ಅಲ್ಲಿಗೆ ಆ ದಿನ ಇಬ್ಬರ ಮಾತೂ ಬಂದ್.

ಇದರ ಬೇರು 2020ರದ್ದು. ಕೆಲಸದ ಜಾಗದಲ್ಲಿ ಮುಖಗವಸು ಕಡ್ಡಾಯ ಎಂದು ಕೇಂದ್ರ ಗೃಹ ಸಚಿವಾಲಯ ಆ ಏಪ್ರಿಲ್‌ನಲ್ಲೇ ಆಜ್ಞೆ ಹೊರಡಿಸಿತು. ಮೇ 19ರಂದು ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಬಸ್ಸೊಂದಕ್ಕೆ 30 ಜನ ಅಂತ ಲೆಕ್ಕ. ಅಕ್ಟೋಬರ್ ಹೊತ್ತಿಗೆ ರಾಜ್ಯ ಸರ್ಕಾರ ದಂಡವನ್ನು ಪಾಲಿಕೆ ವ್ಯಾಪ್ತಿಯಲ್ಲಿ 1,000, ಉಳಿದ ಕಡೆ 500 ರೂಪಾಯಿಗೆ ಏರಿಸಿತು. ಗದ್ದಲವೆದ್ದಿತು, ಕೆಲವೇ ದಿನದಲ್ಲಿ ಅದು 250, 100ಕ್ಕೆ ಇಳಿಯಿತು. ಚೌಕಾಸಿ ಮಾಡಿದರೆ ರೋಗವೂ ಇಳಿಯುತ್ತದೆಂದು ಜನ ತಿಳಿದರೋ ಏನೋ! ಆ ದಂಡ ಈಗಿಲ್ಲ. ಕೆಮ್ಮು ಇದೆ.

ದಂಡದ ಭಯವಾದರೂ ಬೀದಿಯ ತನಕ. ಶಟರಿನ ಒಳಗೆ ಹೇಳುವವರು ಯಾರು? ಗಿರಾಕಿ ಬಂದಾಗ ಮೂಗಿಗೇರಿದ ಮಾಸ್ಕು, ಅವರು ಹೋದಮೇಲೆ ಗಲ್ಲಕ್ಕೆ. ಗಲ್ಲಾ ಮೇಲೆ ಕೂತ ಯಜಮಾನರೇ ನಾಲಿಗೆಗೆ ಬೆರಳು ತಾಗಿಸಿ ನೋಟು ಎಣಿಸುತ್ತಿದ್ದರೆ ಕೆಲಸದ ಹುಡುಗ ಏನು ಕಲಿಯಬೇಕು? ಮಧ್ಯಾಹ್ನ ಗಾಳಿಯಾಡದ ಗೋಡೌನಿನಲ್ಲಿ ನಾಲ್ಕು ಜನ ಮಂಡಿಗೆ ಮಂಡಿ ತಾಗಿಸಿ ಬುತ್ತಿ ಬಿಚ್ಚಿದರೆ, ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಬಾಟ್ಲಿ ಯಾವ ಪುರುಷಾರ್ಥಕ್ಕೆ?

"ನಂಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ" ಎನ್ನುವ ಹಠಮಾರಿಗಳಿದ್ದಾರೆ. ಲಕ್ಷಣ ಕಾಣಿಸುವ ಮುಂಚೆಯೇ ಹರಡುವ ರೋಗದ ಮುಂದೆ ಈ ವಾದ ನಿಲ್ಲೋದಿಲ್ಲ. ಇಂಥವರನ್ನು ಗಿರಾಕಿ ಎದುರಿಗೆ ಗದರಿದರೆ ಮಾನದ ಪ್ರಶ್ನೆಯಾಗುತ್ತದೆ. ಟೀ ಹೊತ್ತಲ್ಲಿ "ನಮ್ಮನೇಲಿ ಅಮ್ಮಂಗೆ ಶುಗರ್ ಇದೆ ಕಣೋ" ಅಂದರೆ ಕೇಳುವವರು ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಯಜಮಾನರ ಕಿವಿಗೆ ಹಾಕುವುದು ಚಾಡಿಯಲ್ಲ.

ಜ್ವರ ಬಂದರೂ ಮಾತ್ರೆ ನುಂಗಿ ಬರುವವನ ಕಥೆಯೇ ಬೇರೆ. ಅವನಿಗೆ ನಿಯಮ ಗೊತ್ತು. ಬಾರದಿದ್ದರೆ ಆ ದಿನದ ಸಂಬಳ ಕಟ್ ಎಂಬುದೂ ಗೊತ್ತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಕಾಯಿಲೆಗೆಂದು ವರ್ಷಕ್ಕೆ 12 ದಿನದ ತನಕ ಸಂಬಳದ ರಜೆ ಕೊಡುತ್ತದೆ. ಇ.ಎಸ್.ಐ. ವಂತಿಗೆ ಸರಿಯಾಗಿ ಕಟ್ಟಿಸಿಕೊಂಡವರಿಗೆ ಡಾಕ್ಟರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಯಾವ ಕಾಯಿದೆ ಹಿಡಿದು ಕೇಳುತ್ತಾನೆ? ಅವನ ಪಕ್ಕ ನಿಂತು ಬಟ್ಟೆ ಮಡಿಸುವವನು ಬೈಯುವುದು ಮಾತ್ರ ಅವನನ್ನೇ.

2020ರಲ್ಲಿ ಒಬ್ಬ ಕೆಲಸಗಾರನಿಗೆ ಪಾಸಿಟಿವ್ ಬಂದರೂ ಅಂಗಡಿಗೇ ಸೀಲ್‌ಡೌನ್ ಪಟ್ಟಿ ಬೀಳುತ್ತಿತ್ತು. ಆಗ ದಿನಗಟ್ಟಲೆ ವ್ಯಾಪಾರ ಕಳಕೊಂಡ ಯಜಮಾನರೇ ಈಗ ಜ್ವರದ ಹುಡುಗನ ಎರಡು ದಿನದ ಸಂಬಳಕ್ಕೆ ಹಿಂದೆಮುಂದೆ ನೋಡುತ್ತಾರೆ.