ಶ್ರುತಿಗೆ ಕಣ್ಣು ಸಾಕ್ಷಿಯಾದೀತೆ?

ತಂಬೂರಿಯನ್ನು ಶ್ರುತಿಗೂಡಿಸುವಾಗ ಕಣ್ಣು ಮುಚ್ಚಿ ಕಿವಿಗೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈಗಲಾದರೋ ಕಣ್ಣು ತೆರೆದು, ಬೆಳಕನ್ನು ನೋಡುತ್ತ ಶ್ರುತಿಮಾಡುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಅತಿ ಸೂಕ್ಷ್ಮವಾದುದು ಸ್ಟ್ರೋಬ್ ಟ್ಯೂನರ್. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರಿನ ವಾದಕರಲ್ಲಿ ಅನೇಕರು ಇದನ್ನು ಆಶ್ರಯಿಸಿದ್ದಾರೆ. ಅವರ ಅನುಭವದಲ್ಲಿ ಮಕ್ಕಳಿಗೆ ಸಂಗೀತ ಹೇಳಿಸುವ ಗೃಹಸ್ಥರು ತಿಳಿಯತಕ್ಕ ಸಂಗತಿಯೊಂದಿರುವುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಈ ವಾದ್ಯವು ಹವಾಯಿ ದ್ವೀಪಗಳಲ್ಲಿ 19ನೆಯ ಶತಮಾನದ ಕೊನೆಗೆ ಹುಟ್ಟಿದ ಸ್ಟೀಲ್ ಗಿಟಾರಿನ ಸಂತತಿ. ಮೇಜಿನಂತೆ ಕಾಲುಗಳ ಮೇಲೆ ನಿಲ್ಲುತ್ತದೆ. ನಮ್ಮ ಗೋಟುವಾದ್ಯದವರು ಮರದ ಕೊರಡನ್ನು ಜಾರಿಸುವಂತೆ, ಇಲ್ಲಿ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತಾರೆ. ಬಹುವಾಗಿ ಬಳಕೆಯಲ್ಲಿರುವ ಇ-9 ಎಂಬ ಕ್ರಮದಲ್ಲಿ ತಂತಿಗಳು 10. ಕಾಲಿನಿಂದ ಪೆಡಲನ್ನೊತ್ತಿದರೆ, ಅಥವಾ ಮೊಣಕಾಲಿನಿಂದ ಸನ್ನೆಯನ್ನು ತಳ್ಳಿದರೆ, ಗೊತ್ತಾದ ತಂತಿಗಳು ಬಿಗಿದೋ ಸಡಿಲವಾಗಿಯೋ ಸ್ವರ ಬದಲಾಗುತ್ತದೆ.

ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರವು ನಿಂತಂತೆಯೂ ಹಿಂದಕ್ಕೆ ತಿರುಗಿದಂತೆಯೂ ಕಾಣುವುದನ್ನು ನಾವೆಲ್ಲರೂ ನೋಡಿದ್ದೇವೆ. ಸ್ಟ್ರೋಬ್ ಯಂತ್ರದ ಮರ್ಮವೂ ಅದೇ. ಅಮೆರಿಕದ ಕಾನ್ ಕಂಪೆನಿಯವರು 1936ರಲ್ಲಿ ಹೊರತಂದ ‘ಸ್ಟ್ರೋಬೊಕಾನ್’ ಯಂತ್ರದಲ್ಲಿ ಗೆರೆಗಳುಳ್ಳ ತಟ್ಟೆಗಳು ನಿಯತವಾದ ವೇಗದಲ್ಲಿ ತಿರುಗುತ್ತಿದ್ದವು. ನಾದದ ಕಂಪನಕ್ಕೆ ಸರಿಯಾಗಿ ದೀಪವು ಮಿನುಗುತ್ತಿತ್ತು. ಎರಡೂ ಹೊಂದಿದರೆ ಗೆರೆಗಳು ನಿಂತಂತೆ ಕಾಣುವುವು. ಸ್ವರವು ಏರಿದರೆ ಒಂದು ಕಡೆಗೆ, ಇಳಿದರೆ ಇನ್ನೊಂದು ಕಡೆಗೆ ಹರಿಯುವುವು. ಈಗಿನ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ತಿರುಗುವ ತಟ್ಟೆಯಿಲ್ಲದೆ ಪರದೆಯ ಮೇಲೆಯೇ ಇದು ನಡೆಯುತ್ತದೆ. ಸ್ಥಾಯಿಯನ್ನು 1200 ಸೆಂಟುಗಳಾಗಿ ಭಾಗಿಸಿದರೆ, ಒಂದು ಸೆಂಟಿನ ಹತ್ತನೆಯ ಒಂದು ಭಾಗವನ್ನೂ ಉತ್ತಮ ಯಂತ್ರವು ತೋರಿಸಬಲ್ಲುದು.

ಇಷ್ಟಾದ ಮೇಲೆ ತೊಡಕೇನು? ಯಂತ್ರವು ಸಾಮಾನ್ಯವಾಗಿ ಪಿಯಾನೋವಿನ ಸಮಭಾಗದ ಲೆಕ್ಕವನ್ನೇ ಹಿಡಿದಿರುತ್ತದೆ. ಅದರಂತೆ ಷಡ್ಜದಿಂದ ಗಾಂಧಾರಕ್ಕೆ 400 ಸೆಂಟು. ತಂಬೂರಿಯ ಮಂದ್ರ ತಂತಿಯಿಂದ ಯಾರೂ ಮೀಟದೆ ತಾನಾಗಿ ಹೊಮ್ಮುವ ಅಂತರ ಗಾಂಧಾರವಾದರೋ 386 ಸೆಂಟಿನಲ್ಲಿರುವುದು. ಸ್ಟೀಲ್ ಗಿಟಾರಿನ ನಾಲ್ಕನೆಯ ತಂತಿಯನ್ನು 329.6 ಕಂಪನಗಳಿಗೂ ಮೂರನೆಯದನ್ನು ಯಂತ್ರದ ಮಾತಿನಂತೆ 415.3ಕ್ಕೂ ನಿಲ್ಲಿಸಿ ಕೂಡಿ ಮೀಟಿದರೆ, ಅವುಗಳ ಉಪಸ್ವರಗಳು ತಾಗಿ ಸೆಕೆಂಡಿಗೆ ಸುಮಾರು 13 ಬಾರಿ ನಡುಗುತ್ತವೆ. ಮೂರನೆಯದನ್ನು 412ಕ್ಕೆ ಇಳಿಸಿದರೆ ನಡುಕವಡಗಿ ನಾದವು ತಿಳಿಯಾಗುವುದು. ನಾದವು ಬಹು ಹೊತ್ತು ನಿಲ್ಲುವ ಈ ವಾದ್ಯದಲ್ಲಿ ಇಂಥ ದೋಷವು ಮರೆಯಾಗಲಾರದು.

ಹಾಗಾದರೆ ಎಲ್ಲವನ್ನೂ ಶುದ್ಧ ಅಂತರಗಳಿಗೇ ತಂದರಾಯಿತೆನ್ನೋಣವೆ? ಅದೂ ಸಾಧ್ಯವಿಲ್ಲ. ಏಳನೆಯ ತಂತಿಯು ಒಂದು ಸ್ವರಮೇಳದಲ್ಲಿ ಪಂಚಮ, ಪೆಡಲನ್ನೊತ್ತಿದಾಗ ಇನ್ನೊಂದರಲ್ಲಿ ಧೈವತ. ಈ ಎರಡು ಕೆಲಸಗಳು ಬೇಡುವ ನೆಲೆಗಳಿಗೆ ಸುಮಾರು 22 ಸೆಂಟುಗಳ ಅಂತರ. ನಮ್ಮ ಶಾಸ್ತ್ರಜ್ಞರು ಅನೇಕರು ಪ್ರಮಾಣ ಶ್ರುತಿಯೆಂದು ಗಣಿಸುವುದು ಇದನ್ನೇ. ಸಾಲದುದಕ್ಕೆ, ಪೆಡಲನ್ನೊತ್ತಿದಾಗ ಬಿಗಿತವು ಹೆಚ್ಚಿ ವಾದ್ಯದ ಒಡಲೇ ತುಸು ಬಾಗಿ, ಮುಟ್ಟದ ತಂತಿಗಳೂ ಕೆಲವು ಸೆಂಟು ಇಳಿಯುವುದುಂಟು. ಆದುದರಿಂದ ವಾದಕರು ತಂತಿಗಳನ್ನು ಮೊದಲು ತೆರವಾಗಿ, ಅನಂತರ ಪೆಡಲನ್ನೊತ್ತಿ ಪರೀಕ್ಷಿಸಿ, ಎರಡಕ್ಕೂ ಒಪ್ಪುವ ಮಧ್ಯದ ನೆಲೆಯನ್ನು ಆರಿಸಿಕೊಂಡು, ಅದನ್ನು ಯಂತ್ರದಲ್ಲಿ ಗುರುತಿಟ್ಟುಕೊಳ್ಳುತ್ತಾರೆ. ಈ ವಾದ್ಯದ ಮಹಾವಾದಕರಾದ ಬಡ್ಡಿ ಎಮನ್ಸ್ (1937–2015) ಅವರೂ ಶುದ್ಧ ಅಂತರಗಳಿಂದ ಹೊರಟು ಕಾಲಾನಂತರದಲ್ಲಿ ಸಮಭಾಗದ ಕ್ರಮಕ್ಕೆ ಸಮೀಪವಾಗಿ ಬಂದರು.

ಇದರಿಂದ ತಿಳಿಯುವುದೇನೆಂದರೆ, ಯಂತ್ರವು ಗುರಿಯಿಂದ ಎಷ್ಟು ದೂರವೆಂಬುದನ್ನು ತಪ್ಪಿಲ್ಲದೆ ಹೇಳೀತು, ಗುರಿಯಾವುದೆಂಬುದನ್ನು ಹೇಳಲಾರದು. ಗದ್ದಲದ ಸಭೆಯಲ್ಲಿ, ದಣಿದ ಕಿವಿಗೆ ಅದು ಒಳ್ಳೆಯ ಸೇವಕ. ಆದರೆ ಮಗುವಿನ ಕೈಗೆ ಮೊದಲೇ ಅದನ್ನಿತ್ತರೆ, ಗೆರೆ ನಿಂತರೆ ಶ್ರುತಿ ನಿಂತಿತೆಂದು ನಂಬಿ ಅದು ಕೇಳುವುದನ್ನೇ ಬಿಟ್ಟೀತು. ದಿನಕ್ಕೆ ಹತ್ತು ನಿಮಿಷ ತಂಬೂರಿಯ ಮುಂದೆ ಕುಳ್ಳಿರಿಸಿ, ತಾನಾಗಿ ಹುಟ್ಟುವ ಆ ಗಾಂಧಾರವನ್ನು ಹುಡುಕಲು ಹೇಳಿರಿ. ಅದು ದೊರೆತ ದಿನ ಯಂತ್ರವನ್ನು ಕೊಡಿಸಿದರೆ ಹಾನಿಯಿಲ್ಲ.